ಹಳ್ಳಿ ದವಾಖಾನೆ ಮುನ್ನಡೆಸಲು ಯಾವ ಕಲಿಕೆ? ಬಳ್ಳಾರಿ, ರಾಯಚೂರು, ಕೊಪ್ಪಳದ ವೈದ್ಯರಿಗೊಂದು ಹೋಲಿಕೆ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ದಿನ ಎರಡು ಪಾಳಿಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಒಪಿಡಿ: ಜ್ವರ, ಬಿಪಿ, ಸಕ್ಕರೆ ಕಾಯಿಲೆ, ಗರ್ಭಿಣಿಯರ ತಪಾಸಣೆ, ನಾಯಿ ಕಚ್ಚಿಸಿಕೊಂಡವರು. ಮಧ್ಯಾಹ್ನದ ಮೇಲಿನದು ಬೇರೆಯೇ ಕೆಲಸ: ಆಶಾ ಸಭೆ, ಔಷಧ ಇಂಡೆಂಟು, ಆರೋಗ್ಯ ರಕ್ಷಾ ಸಮಿತಿಯ ಖರ್ಚು, ತಾಯಿ ಮರಣದ ಪರಿಶೀಲನೆ, ನೀರಿನ ಮಾದರಿ, ಪಂಚಾಯ್ತಿಗೆ ಪತ್ರ, ಪೋರ್ಟಲ್ ಮೇಲೆ ಪೋರ್ಟಲ್. ಎಂಬಿಬಿಎಸ್ ಮೊದಲ ಪಾಳಿಗೆ ಅರ್ಧ ತಯಾರಿ ಕೊಡುತ್ತದೆ. ಎರಡನೆಯದನ್ನು ಅಲ್ಲಿ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ.

ಮುಂದೇನು ಓದಬೇಕು ಎಂದು ಯೋಚಿಸುವ ವೈದ್ಯರು ಸಾಮಾನ್ಯವಾಗಿ ಕೇಳುವುದು ‘ಯಾವ ಡಿಗ್ರಿ ದೊಡ್ಡದು?’ ಎಂದು. ಹಳ್ಳಿಯಲ್ಲೇ ಉಳಿದು ಕೇಂದ್ರ ಕಟ್ಟುವ ಮನಸ್ಸಿದ್ದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ. ಈ ಕೋರ್ಸು ಎರಡು ಪಾಳಿಗಳಲ್ಲಿ ಯಾವುದನ್ನು ಕಲಿಸುತ್ತದೆ? ಓದು ಮುಗಿಯುವ ಹೊತ್ತಿಗೆ ನೀವು ನಿಮ್ಮ ಊರಿನ ಜನರ ಜೊತೆ ಇರುತ್ತೀರೋ, ಇಲ್ಲ ಊರು ನಿಮ್ಮನ್ನು ಮರೆತಿರುತ್ತದೋ? ಕೆಳಗಿನ ಹೋಲಿಕೆ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ.

ಮೊದಲು ಕೆಲಸ ಏನೆಂದು ನೋಡಿ

ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ, ಒಂದು ಉಪಕೇಂದ್ರಕ್ಕೆ 5,000 ಜನ, ಒಬ್ಬ ಆಶಾಗೆ ಸುಮಾರು 1,000 ಜನ ಎಂಬುದು ರಾಷ್ಟ್ರೀಯ ಮಾನದಂಡ. ಅಂದರೆ ಒಬ್ಬ ವೈದ್ಯಾಧಿಕಾರಿಯ ಕೈಕೆಳಗೆ ಆರು ಉಪಕೇಂದ್ರ, ಮೂವತ್ತರ ಹತ್ತಿರ ಆಶಾಗಳು, ಅವರ ಜೊತೆ ಸಮುದಾಯ ಆರೋಗ್ಯ ಅಧಿಕಾರಿಗಳು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಆರೋಗ್ಯ ನಿರೀಕ್ಷಣಾಧಿಕಾರಿ, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿ ಅಧಿಕಾರಿ ಇರುತ್ತಾರೆ. ಇಪ್ಪತ್ತಾರರ ವಯಸ್ಸಿಗೆ ಇಷ್ಟು ದೊಡ್ಡ ತಂಡದ ಹೊಣೆ ಹೊರುವ ಉದ್ಯೋಗಗಳು ಕಡಿಮೆ.

ಈ ಮೂರು ಜಿಲ್ಲೆಗಳಲ್ಲಿ ಆ ಹೊಣೆ ಹೇಗಿರುತ್ತದೆ ಎನ್ನಲು ಒಂದು ಉದಾಹರಣೆ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲೂ ರಾಯಚೂರಿನ ಹತ್ತಿ ಹೊಲಗಳಲ್ಲೂ ಔಷಧ ಹೊಡೆಯುವ ಹಂಗಾಮಿನಲ್ಲಿ ಕೀಟನಾಶಕ ಒಳಗೆ ಹೋದವರು ಬರುತ್ತಾರೆ. ಆರ್ಗನೋಫಾಸ್ಫರಸ್ ವಿಷಕ್ಕೆ ಅಟ್ರೋಪಿನ್ ಕೊಡಬೇಕು ಎಂಬುದು ಎಲ್ಲ ವೈದ್ಯರಿಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ: 0.6 ಮಿಲಿಗ್ರಾಂ ಆಂಪೂಲಿನಲ್ಲಿ 1.8 ಮಿಲಿಗ್ರಾಂನಿಂದ ಶುರು ಮಾಡಿ, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋದರೆ 3, 6, 12, 24 ಆಂಪೂಲು, ಅಂದರೆ ಕಾಲು ಗಂಟೆಯಲ್ಲಿ ಒಟ್ಟು 45 ಖಾಲಿ. ಬೀರುವಿನಲ್ಲಿ ಹತ್ತೇ ಇದ್ದರೆ ಎಷ್ಟು ಜ್ಞಾನವಿದ್ದರೂ ಉಪಯೋಗವಿಲ್ಲ. ಹಂಗಾಮಿಗೆ ಎರಡು ತಿಂಗಳು ಮೊದಲೇ ಇಂಡೆಂಟು ಹಾಕುವುದು, ಬರದಿದ್ದರೆ ಪಕ್ಕದ ಕೇಂದ್ರದಿಂದ ತರಿಸಿಕೊಳ್ಳುವುದು, ರಾತ್ರಿ ಪಾಳಿಯ ನರ್ಸಿಗೆ ಮೊದಲ ಡೋಸು ಬಾಯಿಪಾಠ ಮಾಡಿಸುವುದು, ಇವೆಲ್ಲ ಸೇರಿದರೆ ಒಂದು ಜೀವ ಉಳಿಯುತ್ತದೆ. ಮುನ್ನಡೆಸುವುದು ಎಂದರೆ ಇಲ್ಲಿ ಇದೇ. ಭಾಷಣದ ಕಲೆ ಆಮೇಲೆ.

ಹಾವು ಕಡಿತದ್ದೂ ಹಾಗೆಯೇ. ಕರ್ನಾಟಕದಲ್ಲಿ 2024ರಿಂದ ಅದು ಕಡ್ಡಾಯವಾಗಿ ವರದಿ ಮಾಡಬೇಕಾದ ಸ್ಥಿತಿ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಮಿಲಿಲೀಟರ್ ರಕ್ತ ಮತ್ತು ಒಂದು ಒಣ ಗಾಜಿನ ಟ್ಯೂಬು ಸಾಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ, ವಿಷವಿಲ್ಲದವರಿಗೂ ಹತ್ತು ವಯಲ್ ಹಾವಿನ ವಿಷ ನಿರೋಧಕ ಹೋಗುತ್ತದೆ. ಹೊಸ ಗಾಜಿನ ಟ್ಯೂಬುಗಳನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುವ ಪದ್ಧತಿಯನ್ನು ಕೇಂದ್ರದಲ್ಲಿ ಯಾರಾದರೂ ಶುರು ಮಾಡಬೇಕು. ಆ ‘ಯಾರಾದರೂ’ ವೈದ್ಯಾಧಿಕಾರಿಯೇ.

ಹಾಗಾಗಿ ಒಂದು ಕೋರ್ಸನ್ನು ತೂಗುವಾಗ ನಾಲ್ಕು ಸಂಗತಿ ನೋಡಬೇಕು: ರೋಗಿಯ ಪಕ್ಕದ ಕೌಶಲ, ಇಡೀ ಊರಿನ ಲೆಕ್ಕ ಓದುವ ಕೌಶಲ, ತಂಡ ನಡೆಸುವ ರೀತಿ, ಹಣ ಮತ್ತು ಕಾಗದದ ಶಿಸ್ತು. ನಾಲ್ಕನ್ನೂ ಕಲಿಸುವ ಕೋರ್ಸು ಒಂದೂ ಇಲ್ಲ. ಇದನ್ನು ಒಪ್ಪಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಮೂರು ವರ್ಷದ ದಾರಿ: ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಡಿಎನ್‌ಬಿ

ಎರಡಕ್ಕೂ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿ ಬೇಕು, ಎರಡೂ ಮೂರು ವರ್ಷ, ಎರಡೂ ಮಾನ್ಯತೆ ಪಡೆದ ಸ್ನಾತಕೋತ್ತರ ಅರ್ಹತೆ. ಎಂಡಿ ವಿಶ್ವವಿದ್ಯಾಲಯದ ಪದವಿ, ಡಿಎನ್‌ಬಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯದು. ಎಂಡಿ ಸೀಟು ದೇಶದಲ್ಲೇ ಬೆರಳೆಣಿಕೆಯಷ್ಟು. ಡಿಎನ್‌ಬಿ ಸೀಟು ಅದಕ್ಕಿಂತ ಹೆಚ್ಚು. ಸಿಗುವ ಸಾಧ್ಯತೆಯ ದೃಷ್ಟಿಯಿಂದ ಡಿಎನ್‌ಬಿಯನ್ನೇ ಲೆಕ್ಕಕ್ಕೆ ಹಿಡಿಯುವುದು ವಾಸಿ.

ಈ ದಾರಿಯ ದೊಡ್ಡ ಬಲ ರೋಗಿಯ ಪಕ್ಕದ ಕೌಶಲ. ಮೆಡಿಸಿನ್, ಮಕ್ಕಳು, ಹೆರಿಗೆ, ಸರ್ಜರಿ, ತುರ್ತು ವಿಭಾಗ ಎಂದು ಸರದಿಯಂತೆ ದುಡಿದು ಬಂದ ವೈದ್ಯ ‘ಬಳ್ಳಾರಿಗೆ ಬರ್ಕೊಡ್ರಿ ಸರ್’ ಎನ್ನುವ ರೋಗಿಗೆ ‘ಬ್ಯಾಡ, ಇಲ್ಲೇ ಆಗ್ತದ’ ಎಂದು ಧೈರ್ಯವಾಗಿ ಹೇಳಬಲ್ಲ. ಊರಿನವರು ಒಬ್ಬ ವೈದ್ಯನ ಮಾತಿಗೆ ಬೆಲೆ ಕೊಡುವುದು ಇಂಥ ನಾಲ್ಕೈದು ಸಂದರ್ಭಗಳ ಮೇಲೆ. ಆ ಬೆಲೆ ಇಲ್ಲದೆ ಲಸಿಕೆ, ಬಾಲ್ಯವಿವಾಹ, ಕುಡಿಯುವ ನೀರು ಯಾವುದರ ಬಗ್ಗೆ ಹೇಳಿದರೂ ಜನ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಚಿಕಿತ್ಸೆಯ ಕೈ ಮೊದಲು, ಮುಂದಾಳುತನ ಆಮೇಲೆ ಎಂಬ ಕ್ರಮದ ಬಗ್ಗೆ ನಮಗೆ ಅನುಮಾನವಿಲ್ಲ.

ಎಡವುವುದು ಎಲ್ಲಿ? ಮೊದಲನೆಯದು ಸರದಿ. ಫ್ಯಾಮಿಲಿ ಮೆಡಿಸಿನ್ ವಿದ್ಯಾರ್ಥಿಗೆ ತನ್ನದೇ ವಾರ್ಡು ಇರುವುದಿಲ್ಲವಾದ್ದರಿಂದ ಆಳು ಕಡಿಮೆ ಇರುವ ವಿಭಾಗಕ್ಕೆ ಅವರನ್ನು ತಳ್ಳುವುದುಂಟು. ಆರು ತಿಂಗಳು ಐಸಿಯುನಲ್ಲಿ ಕಳೆದು ಹೆರಿಗೆ ಕೋಣೆಯಲ್ಲಿ ಎರಡೇ ವಾರ ಸಿಕ್ಕರೆ ಹಳ್ಳಿಗೆ ಅದು ನಷ್ಟ. ಸೀಟು ಆರಿಸುವ ಮುನ್ನ ಆ ಆಸ್ಪತ್ರೆಯ ಎರಡನೇ ವರ್ಷದ ವಿದ್ಯಾರ್ಥಿಗೆ ಫೋನು ಮಾಡಿ ಕಳೆದ ಹನ್ನೆರಡು ತಿಂಗಳ ಪೋಸ್ಟಿಂಗ್ ಪಟ್ಟಿ ಕೇಳಿ. ಕಾಗದದಲ್ಲಿರುವ ಪಟ್ಟಿ ಬೇಡ, ನಡೆದದ್ದು ಬೇಕು.

ಎರಡನೆಯದು ಪ್ರಬಂಧ. ಡಿಎನ್‌ಬಿ ಸೇರಿದ 90 ದಿನದೊಳಗೆ ಪ್ರಬಂಧದ ರೂಪುರೇಷೆ ಕೊಡಬೇಕು. ಗಡಿಬಿಡಿಯಲ್ಲಿ ಆಸ್ಪತ್ರೆಗೆ ಅನುಕೂಲವಾದ ಯಾವುದೋ ವಿಷಯ ಗಂಟುಬೀಳುತ್ತದೆ. ಹಳ್ಳಿಗೆ ಮರಳುವವರು ಸೇರುವ ಮುನ್ನವೇ ವಿಷಯ ಇಟ್ಟುಕೊಂಡಿರಬೇಕು: ಬಿಪಿ ಔಷಧ ನಡುವೆ ಬಿಡುವವರು, ಗರ್ಭಿಣಿಯರ ರಕ್ತಹೀನತೆ, ಫ್ಲೋರೈಡ್ ಇರುವ ಊರುಗಳ ಮಂಡಿನೋವು. ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುವ ಸಂಶೋಧನಾ ಮೂಲಪಾಠ ಇದಕ್ಕೆ ಸಾಕಷ್ಟು ತಳಪಾಯ.

ಮೂರನೆಯದು ಹುದ್ದೆ, ಇದೇ ದೊಡ್ಡ ನೋವು. ತಾಲ್ಲೂಕು ಆಸ್ಪತ್ರೆಯ ತಜ್ಞ ಹುದ್ದೆಗಳು ಫಿಜಿಷಿಯನ್, ಮಕ್ಕಳ ತಜ್ಞ, ಸ್ತ್ರೀರೋಗ ತಜ್ಞ, ಅರಿವಳಿಕೆ ತಜ್ಞ ಎಂದು ವಿಭಾಗವಾರು ಇರುತ್ತವೆ. ಮೂರು ವರ್ಷ ದುಡಿದು ಬಂದ ಕುಟುಂಬ ವೈದ್ಯ ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತಾನೆ ಎಂಬುದನ್ನು ಸೀಟು ಹಿಡಿಯುವ ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಬಾಯಿಮಾತು ಸಾಲದು, ನೇಮಕಾತಿ ನಿಯಮ ತೋರಿಸಿ ಎನ್ನಿ.

ಎರಡನೇ ಪಾಳಿಯ ಕೆಲಸ ಈ ದಾರಿಯಲ್ಲಿ ಬಹುತೇಕ ಹೊರಗೇ ಉಳಿಯುತ್ತದೆ. ಎಂಡಿ ಓದುವವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿ ಇದೆ. ಆ ಮೂರು ತಿಂಗಳನ್ನು ವಾರ್ಡಿನಲ್ಲೇ ಕಳೆಯದೆ ಜಿಲ್ಲಾ ಸರ್ವೇಕ್ಷಣಾಧಿಕಾರಿ, ತಾಯಿ-ಮಕ್ಕಳ ಆರೋಗ್ಯ ನೋಡುವ ಆರ್‌ಸಿಎಚ್ ಅಧಿಕಾರಿ, ಔಷಧ ಉಗ್ರಾಣಗಳ ಹತ್ತಿರ ತಲಾ ಒಂದು ವಾರ ಕೇಳಿ ಪಡೆದರೆ ಕೊರತೆ ಸ್ವಲ್ಪ ತುಂಬುತ್ತದೆ.

ಎರಡು ವರ್ಷದ ಡಿಪ್ಲೊಮಾ

ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ಎಂಬಿಬಿಎಸ್ ನಂತರದ ಎರಡು ವರ್ಷದ ಡಿಪ್ಲೊಮಾಗಳನ್ನು ಎಂಟು ವಿಷಯಗಳಲ್ಲಿ ಶುರು ಮಾಡಿತು. ಫ್ಯಾಮಿಲಿ ಮೆಡಿಸಿನ್ ಅದರಲ್ಲೊಂದು. ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗಗಳೂ ಇವೆ. ಪ್ರವೇಶ ನೀಟ್-ಪಿಜಿಯಿಂದಲೇ. ಜಿಲ್ಲಾ ಆಸ್ಪತ್ರೆಗಳಂಥ ಕಡೆ ನಡೆಯುವುದರಿಂದ ನೀವು ನೋಡುವ ರೋಗಿ ಮತ್ತು ಮುಂದೆ ನಿಮ್ಮ ಕೇಂದ್ರಕ್ಕೆ ಬರುವ ರೋಗಿ ಹೆಚ್ಚುಕಡಿಮೆ ಒಬ್ಬರೇ. ಒಂದು ವರ್ಷ ಉಳಿಯುತ್ತದೆ. ಊರು ಬಿಟ್ಟು ಬಹಳ ದಿನ ಇರಲಾಗದವರಿಗೆ, ಮೂವತ್ತೈದು ದಾಟಿದವರಿಗೆ ಮೂರು ವರ್ಷದ ದಾರಿಗಿಂತ ಇದು ಮೇಲು ಎಂಬುದು ನಮ್ಮ ಎಣಿಕೆ. ಆದರೆ ಬೋಧಕ ಹುದ್ದೆಯ ಆಸೆ ಇದ್ದವರು ಎಂಡಿ ಅಥವಾ ಡಿಎನ್‌ಬಿಯನ್ನೇ ನೋಡಬೇಕು.

ಮೀಸಲಾತಿಯ ಮಾತು ಇಲ್ಲೇ ಮುಗಿಸೋಣ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ ರಾಜ್ಯ ಪರೀಕ್ಷಾ ಪ್ರಾಧಿಕಾರ ಹಂಚುವ ಸೀಟುಗಳಿಗೆ ಸಂಬಂಧಿಸಿದ್ದು. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ಕೌನ್ಸೆಲಿಂಗ್ ತಪ್ಪಿಹೋಗುವ ಭಯವಿದೆ, ಆದ್ದರಿಂದ ನೀಟ್ ಅರ್ಜಿ ಹಾಕಿದ ವಾರವೇ ಅದಕ್ಕೂ ಅರ್ಜಿ ಹಾಕಿ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪ್ರತ್ಯೇಕ ಪಾಲು ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿದೆ. ಪಾಲು ಎಷ್ಟು, ಎಷ್ಟು ವರ್ಷದ ಸೇವೆ ಬೇಕು ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಓದಬೇಕು. ಆ ಪಾಲು ತಮಗೂ ಸಿಗುತ್ತದೆ ಎಂದು ಗುತ್ತಿಗೆ ವೈದ್ಯರು ಎಣಿಸಿ ಕೂರಬಾರದು.

ಕೆಲಸ ಬಿಡದೆ ಓದುವುದು

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ದೂರಶಿಕ್ಷಣದ ಕುಟುಂಬ ವೈದ್ಯಕೀಯ ಕೋರ್ಸು ಇದರಲ್ಲಿ ಹಳೆಯದು. ‘ಕಡಿಮೆ ರೆಫರ್ ಮಾಡಿ, ಹೆಚ್ಚು ಬಗೆಹರಿಸಿ’ ಎಂಬ ಆಶಯದ ಮೇಲೆ 2006ರಲ್ಲಿ ಶುರುವಾದದ್ದು. ಪಾಠದ ಪುಸ್ತಕಗಳು ರೋಗಲಕ್ಷಣದಿಂದ ಹೊರಡುತ್ತವೆ: ತಲೆಸುತ್ತು, ಎದೆನೋವು, ಬಿಳಿಸೆರಗು. ವರ್ಷಕ್ಕೆ ಕೆಲವು ಸಲ ಸಂಪರ್ಕ ತರಗತಿ. ಮಿಕ್ಕ ದಿನ ನಿಮ್ಮದೇ ಒಪಿಡಿಯೇ ಪಾಠಶಾಲೆ.

ಇದರ ಸೊಗಸು ಏನೆಂದರೆ ಸೋಮವಾರ ಓದಿದ್ದನ್ನು ಮಂಗಳವಾರ ನಿಮ್ಮ ಊರಿನ ರೋಗಿಯ ಮೇಲೆ ಪ್ರಯೋಗಿಸಬಹುದು, ತಂಡವೂ ನಿಮ್ಮ ಜೊತೆಗೇ ಕಲಿಯುತ್ತದೆ. ಕೊರತೆ ಎರಡು. ಈ ಅರ್ಹತೆ ಎಂಡಿ, ಡಿಎನ್‌ಬಿಗಳ ಸಾಲಿನದಲ್ಲ. ತಜ್ಞ ಹುದ್ದೆ, ತಜ್ಞ ಭತ್ಯೆ ಇದರಿಂದ ಬರುತ್ತದೆಂದು ನಂಬಿ ಸೇರಬೇಡಿ. ಮತ್ತೆ, ಕೈಚಳಕದ ಕೆಲಸ ಪುಸ್ತಕದಿಂದ ಬರುವುದಿಲ್ಲ. ಭುಜ ಅಡ್ಡವಾದ ಹೆರಿಗೆ, ನವಜಾತ ಶಿಶುವಿಗೆ ಉಸಿರು ಕೊಡುವುದು, ಎದೆಗೆ ಕೊಳವೆ ಹಾಕುವುದು, ಇವಕ್ಕೆ ಯಾರಾದರೂ ಪಕ್ಕದಲ್ಲಿ ನಿಂತು ಕೈ ಹಿಡಿಯಲೇಬೇಕು. ಬಳ್ಳಾರಿಯ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮೂರೂ ಸರ್ಕಾರಿ ಕಾಲೇಜುಗಳು ಕೈಗೆಟಕುವ ದೂರದಲ್ಲಿವೆ. ತಿಂಗಳಿಗೆ ಎರಡು ರಾತ್ರಿ ಅಲ್ಲಿನ ಹೆರಿಗೆ ಕೋಣೆಯಲ್ಲಿ ನಿಲ್ಲಲು ಇಲಾಖೆಯ ಮೂಲಕ ಲಿಖಿತ ಅನುಮತಿ ಪಡೆದರೆ ಕೋರ್ಸಿನ ಕೊರತೆ ತುಂಬಿಕೊಳ್ಳುತ್ತದೆ. ಬಾಯಿಮಾತಿನ ಅನುಮತಿಯಲ್ಲಿ ಹೋದರೆ ಏನಾದರೂ ಹೆಚ್ಚುಕಡಿಮೆ ಆದಾಗ ನಿಮ್ಮ ಬೆನ್ನಿಗೆ ಯಾರೂ ಇರುವುದಿಲ್ಲ.

ಅರ್ಧಕ್ಕೆ ಬಿಡುವವರು ಈ ದಾರಿಯಲ್ಲೇ ಹೆಚ್ಚು. ಕಾರಣ ಸೋಮಾರಿತನವಲ್ಲ, ಸಂಪರ್ಕ ತರಗತಿಯ ದಿನಕ್ಕೆ ರಜೆ ಸಿಗದಿರುವುದು. ಒಬ್ಬರೇ ವೈದ್ಯರಿರುವ ಕೇಂದ್ರವಾದರೆ ಪಕ್ಕದ ಕೇಂದ್ರದವರ ಜೊತೆ ಅದಲುಬದಲು ಪಾಳಿ ಒಪ್ಪಿಕೊಂಡು, ವರ್ಷದ ತರಗತಿ ದಿನಾಂಕಗಳನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಮುಂಚಿತವಾಗಿಯೇ ಕೊಟ್ಟಿರಿ.

ಊರಿನ ಲೆಕ್ಕ ಕಲಿಸುವ ಓದು

ಕಮ್ಯುನಿಟಿ ಮೆಡಿಸಿನ್ ಎಂಡಿ ಮೂರು ವರ್ಷ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎರಡು ವರ್ಷ. ಎಂಪಿಎಚ್‌ಗೆ ನೀಟ್-ಪಿಜಿ ಬೇಕಿಲ್ಲ. ಯಲಬುರ್ಗಾ, ಕುಕನೂರು ಕಡೆಯವರಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹತ್ತಿರ, ರಾಯಚೂರಿನವರಿಗೆ ಹೈದರಾಬಾದಿನ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ಸಂದರ್ಭದಲ್ಲಿ ಬೇಕಾಗುವುದು ಇದೇ ವಿದ್ಯೆ: ಮೊದಲ ಹತ್ತು ರೋಗಿಗಳ ಮನೆ ನಕ್ಷೆಯ ಮೇಲೆ ಗುರುತಿಸುವುದು, ಯಾವ ನಲ್ಲಿ ಯಾವ ಟ್ಯಾಂಕಿನದು ಎಂದು ಕೇಳುವುದು, ನೀರಿನಲ್ಲಿ ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದೆಯೇ ನೋಡುವುದು, ಅದೇ ಸಂಜೆ ಪಿಡಿಒಗೆ ಪತ್ರ ಕೊಡುವುದು. ‘ನಿಮ್ಮ ಊರಿನ ನೀರು ಸರಿ ಇಲ್ಲ’ ಎಂಬ ಪತ್ರ ಫೈಲಿಗೆ ಹೋಗುತ್ತದೆ. ‘ಈ ಟ್ಯಾಂಕಿನ ನೀರು ಕುಡಿಯುವ 40 ಮನೆಗಳಲ್ಲಿ 14 ಜನಕ್ಕೆ ಭೇದಿ, ಆ ಟ್ಯಾಂಕಿನ 50 ಮನೆಗಳಲ್ಲಿ ಒಬ್ಬರಿಗೆ’ ಎಂಬಂಥ ಪತ್ರ ವಾಲ್ವು ಮುಚ್ಚಿಸುತ್ತದೆ. ಫ್ಲೋರೈಡಿನ ವಿಷಯವೂ ಹಾಗೆ: ಅನುಮತಿಸಿದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬೋರು ಬೋರಿನ ಅಂಕಿ ಎದುರಿಗಿಟ್ಟು ಮಾತಾಡುವ ವೈದ್ಯನನ್ನು ಗ್ರಾಮಸಭೆ ಕಡೆಗಣಿಸುವುದು ಕಷ್ಟ.

ಆದರೂ ವೈದ್ಯರೊಬ್ಬರು ಮೊದಲ ಓದಾಗಿ ಇದನ್ನು ಆರಿಸುವುದು ನಮಗೆ ಸರಿ ಕಾಣುವುದಿಲ್ಲ. ಎರಡು ಮೂರು ವರ್ಷ ಸ್ಟೆತಸ್ಕೋಪು ಕೆಳಗಿಟ್ಟವರು ಮತ್ತೆ ಒಪಿಡಿಗೆ ಕೂರಲು ಹಿಂಜರಿಯುತ್ತಾರೆ, ನಿಧಾನಕ್ಕೆ ಜಿಲ್ಲಾ ಕಚೇರಿಯ ಕುರ್ಚಿಗೆ ಸರಿಯುತ್ತಾರೆ. ಅಲ್ಲಿಯೂ ಒಳ್ಳೆಯವರು ಬೇಕು, ನಿಜ. ಹತ್ತು ವರ್ಷ ಹಳ್ಳಿಯಲ್ಲಿ ದುಡಿದು, ತಾಲ್ಲೂಕು ಆರೋಗ್ಯಾಧಿಕಾರಿ ಆಗುವ ಹೊಸ್ತಿಲಲ್ಲಿರುವವರಿಗೆ ಎಂಪಿಎಚ್ ತುಂಬಾ ಒಳ್ಳೆಯದು. ಅಷ್ಟು ಹೊತ್ತಿಗೆ ಅವರಲ್ಲಿ ಕೇಳಬೇಕಾದ ಪ್ರಶ್ನೆಗಳಿರುತ್ತವೆ.

ಕೆಲವೇ ತಿಂಗಳ ತರಬೇತಿಗಳು

ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆ ಆರೈಕೆ ಮತ್ತು ಜೀವರಕ್ಷಕ ಅರಿವಳಿಕೆ ತರಬೇತಿಗಳು ನಾಲ್ಕರಿಂದ ಆರು ತಿಂಗಳಿನವು. ಸಮುದಾಯ ಆರೋಗ್ಯ ಕೇಂದ್ರದಲ್ಲಿರುವವರಿಗೆ ಇವು ಚಿನ್ನ, ಆದರೆ ಒಂದು ಷರತ್ತು: ಒಂದೇ ಕಡೆಯಿಂದ ಇಬ್ಬರು ಹೋಗಬೇಕು. ಸಿಸೇರಿಯನ್ ಕಲಿತವರಿದ್ದು ಅರಿವಳಿಕೆ ಕೊಡುವವರಿಲ್ಲದಿದ್ದರೆ, ಅಥವಾ ರಕ್ತ ಸಂಗ್ರಹ ಘಟಕ ಇಲ್ಲದಿದ್ದರೆ, ಕಲಿತ ಕೈ ವರ್ಷದೊಳಗೆ ಮರೆಯುತ್ತದೆ. ಪ್ರಾಥಮಿಕ ಕೇಂದ್ರದಲ್ಲಿರುವವರಿಗೆ ಇದು ಬೇಡ. ಅಲ್ಲಿ ಬಿಪಿ ಏರಿ ಫಿಟ್ಸ್ ಬರುವ ನಂಜಿನ ಗರ್ಭಿಣಿಗೆ, ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ, ಮೆಗ್ನೀಸಿಯಂ ಸಲ್ಫೇಟ್ 5 ಗ್ರಾಂನಂತೆ ಎರಡೂ ಪೃಷ್ಠಕ್ಕೆ ಆಳವಾಗಿ ಕೊಟ್ಟು, ಸಮಯ ಬರೆದು, 108ರಲ್ಲಿ ಜೊತೆಗೆ ನರ್ಸನ್ನು ಕಳಿಸುವ ಶಿಸ್ತು ಸಾಕು.

ಗುಣಮಟ್ಟ ಖಾತರಿ ಮಾನದಂಡಗಳ ಆಂತರಿಕ ಮೌಲ್ಯಮಾಪಕರ ತರಬೇತಿ ಸಿಕ್ಕರೆ ಬಿಡಬೇಡಿ. ಕೇಂದ್ರವನ್ನು ಕೋಣೆ ಕೋಣೆಯಾಗಿ ನೋಡುವ ಕಣ್ಣು ಅದರಿಂದ ಬರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಬಳಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದದ್ದು ಈ ಸೀಮೆಯ ಯಾವ ವೈದ್ಯರೂ ಮರೆಯುವಂಥದ್ದಲ್ಲ. ಪ್ರತಿ ಕೇಸ್ ಶೀಟಿನಲ್ಲಿ ಬಾಟಲಿಯ ಬ್ಯಾಚ್ ಸಂಖ್ಯೆ ಬರೆಸುವುದು, ಚಳಿ ನಡುಕ ಬಂದ ಎರಡನೇ ರೋಗಿಗೇ ಆ ಬ್ಯಾಚನ್ನು ಬೇರೆ ತೆಗೆದಿಟ್ಟು ಲಿಖಿತವಾಗಿ ಮೇಲಕ್ಕೆ ತಿಳಿಸುವುದು, ಇದನ್ನು ಯಾವ ಡಿಗ್ರಿಗೂ ಕಾಯದೆ ನಾಳೆಯಿಂದಲೇ ಮಾಡಬಹುದು.

ಸ್ವಂತ ಕೇಂದ್ರವೇ ಪಾಠಶಾಲೆ: ಒಂದು ವರ್ಷದ ಯೋಜನೆ

ಮೇಲಿನ ಯಾವ ದಾರಿ ಹಿಡಿದರೂ ಎರಡನೇ ಪಾಳಿಯ ಪಾಠ ಇಲ್ಲಿಯೇ ಆಗಬೇಕು. ಖರ್ಚಿಲ್ಲ, ಪ್ರಮಾಣಪತ್ರವೂ ಇಲ್ಲ. ಬೇಕಾಗುವುದು ಒಬ್ಬ ಮಾರ್ಗದರ್ಶಕ, ಒಂದು ಉಪಕೇಂದ್ರ, ಒಂದೇ ಒಂದು ಸಮಸ್ಯೆ. ಮಾರ್ಗದರ್ಶಕರನ್ನು ಹತ್ತಿರದ ಸರ್ಕಾರಿ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಹುಡುಕಿ. ಅವರಿಗೂ ತಮ್ಮ ವಿದ್ಯಾರ್ಥಿಗಳನ್ನು ಕಳಿಸಲು ಚೆನ್ನಾಗಿ ನಡೆಯುವ ಕೇಂದ್ರ ಬೇಕಿರುತ್ತದೆ.

ಗರ್ಭಿಣಿಯರ ರಕ್ತಹೀನತೆಯನ್ನು ಆರಿಸಿಕೊಂಡಿರಿ ಎನ್ನೋಣ. ಮೊದಲ ಮೂರು ತಿಂಗಳು ಔಷಧದ ಸುದ್ದಿಗೇ ಹೋಗಬೇಡಿ, ಪಟ್ಟಿ ಸರಿಮಾಡಿ. 5,000 ಜನರಿರುವ ಉಪಕೇಂದ್ರದಲ್ಲಿ ಸಾವಿರಕ್ಕೆ 20 ಜನನ ಎಂದು ಹಿಡಿದರೆ ವರ್ಷಕ್ಕೆ 100 ಹೆರಿಗೆ ಆಗಬೇಕು. ನೋಂದಣಿ 70ಕ್ಕೆ ನಿಂತಿದ್ದರೆ ಮಿಕ್ಕವರು ಎಲ್ಲಿ? ಕೆಲವರು ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿರುತ್ತಾರೆ, ಅವರ ತಾಯಿ ಕಾರ್ಡಿನ ಸಂಖ್ಯೆ ಬೇರೆ ತಾಲ್ಲೂಕಿನದು. ಕೆಲವರು ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುತ್ತಾರೆ. ತಾಂಡಾ ಮತ್ತು ಕಾಲುವೆ ಪಕ್ಕದ ಕ್ಯಾಂಪುಗಳ ಕೂಲಿ ಮನೆಗಳು ಯಾವ ಆಶಾ ಪಟ್ಟಿಗೂ ಸೇರಿರುವುದಿಲ್ಲ. ಬಾಲ್ಯವಿವಾಹವಾದ ಹುಡುಗಿಯರ ಬಸಿರನ್ನು ಮನೆಯವರು ಕೇಸಿನ ಭಯದಿಂದ ಮುಚ್ಚಿಡುತ್ತಾರೆ. ಸಾವು ಕಾದಿರುವುದು ಹೆಚ್ಚಾಗಿ ಈ ಮೂವತ್ತರಲ್ಲೇ.

ನಾಲ್ಕರಿಂದ ಆರನೇ ತಿಂಗಳು ಅಳತೆ. ಡಿಜಿಟಲ್ ಹಿಮೋಗ್ಲೋಬಿನ್ ಯಂತ್ರದ ಸ್ಟ್ರಿಪ್ ಅವಧಿ ಮೀರಿದೆಯೇ ನೋಡಿ. ಬೆರಳನ್ನು ಹಿಂಡಿ ರಕ್ತ ತೆಗೆದರೆ ನೀರು ಬೆರೆತು ಅಂಕಿ ತಪ್ಪುತ್ತದೆ ಎಂಬುದನ್ನು ಸಿಸ್ಟರುಗಳಿಗೆ ಕೈಯಲ್ಲಿ ಮಾಡಿ ತೋರಿಸಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ತೀವ್ರ, 7ರಿಂದ 9.9 ಮಧ್ಯಮ. ಮಧ್ಯಮದವರಲ್ಲಿ ಎಷ್ಟು ಜನರಿಗೆ ನಾಲ್ಕು ವಾರದೊಳಗೆ ಮರುಪರೀಕ್ಷೆ ಆಯಿತು ಎಂಬ ಒಂದೇ ಅಂಕಿಯನ್ನು ಪ್ರತಿ ತಿಂಗಳು ಗೋಡೆಯ ಮೇಲೆ ಬರೆಯಿರಿ. ಹತ್ತು ಅಂಕಿ ಬೇಡ.

ಏಳರಿಂದ ಒಂಬತ್ತು, ಬದಲಾವಣೆ. 180 ಕಬ್ಬಿಣದ ಮಾತ್ರೆ ಕೊಟ್ಟಿದ್ದೇವೆ ಎಂದು ರಿಜಿಸ್ಟರ್ ಹೇಳುತ್ತದೆ, ಹೊಟ್ಟೆಗೆ ಹೋದದ್ದೆಷ್ಟು ಎಂದು ಹೇಳುವುದಿಲ್ಲ. ಊಟದ ಜೊತೆಗೇ ಚಹಾ, ಹೊಟ್ಟೆ ತೊಳಸುವುದು, ಮಲ ಕಪ್ಪಾಗುವ ಹೆದರಿಕೆ, ‘ಕೂಸು ಕಪ್ಪಾಗ್ತದ’ ಎಂಬ ಅತ್ತೆಯ ಮಾತು, ಇವನ್ನು ಒಂದೊಂದಾಗಿ ಬಗೆಹರಿಸಬೇಕು. ಅತ್ತೆಯನ್ನು ಕರೆಸಿ ಕೂರಿಸಿ ಮಾತಾಡಿ. ಗರ್ಭಿಣಿಗೆ ಮಾತ್ರ ಹೇಳಿದರೆ ಮನೆಯಲ್ಲಿ ಅದು ನಡೆಯುವುದಿಲ್ಲ. ಪ್ರತಿ ತಿಂಗಳ 9ರ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ದಿನವನ್ನು ಮರುಪರೀಕ್ಷೆಗೆ, ಗುರುವಾರದ ಲಸಿಕೆ ದಿನವನ್ನು ಮನೆಭೇಟಿಗೆ ಜೋಡಿಸಿದರೆ ಹೊಸ ದಿನ ಹುಡುಕಬೇಕಿಲ್ಲ. ಕೊನೆಯ ಮೂರು ತಿಂಗಳು ಪಕ್ಕದ ಉಪಕೇಂದ್ರಕ್ಕೆ ಹಬ್ಬಿಸಿ, ಆಗ ಕಲಿಸುವವರು ನೀವಲ್ಲ, ಮೊದಲ ಉಪಕೇಂದ್ರದ ಸಿಸ್ಟರು.

ಈ ಯೋಜನೆ ಸಾಮಾನ್ಯವಾಗಿ ಕೆಡುವುದು ಮೂರು ಕಡೆ. ಅಂಕಿ ಕಡಿಮೆ ಬಂದ ಆಶಾರನ್ನು ಸಭೆಯಲ್ಲಿ ಎಲ್ಲರೆದುರು ಗದರಿಸಿದರೆ ಮುಂದಿನ ತಿಂಗಳಿಂದ ಎಲ್ಲರ ಅಂಕಿಯೂ ಚೆನ್ನಾಗಿಯೇ ಬರುತ್ತದೆ, ನಿಜ ಮಾತ್ರ ಬರುವುದಿಲ್ಲ. ಎರಡು ಗಂಟೆಯ ಆಶಾ ಸಭೆ ಪೂರ್ತಿ ಪೋರ್ಟಲ್ ತಗಾದೆಗೇ ಹೋದರೆ ರೋಗಿಯ ಮಾತು ಬರುವುದೇ ಇಲ್ಲ. ಮೊದಲ ಇಪ್ಪತ್ತು ನಿಮಿಷ ಒಬ್ಬ ಗರ್ಭಿಣಿಯ ಕಥೆಗೆ ಮೀಸಲಿಡಿ. ಇನ್ನು ಹಣ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿಯ ಅವಕಾಶವಿದೆ, ಆರೋಗ್ಯ ರಕ್ಷಾ ಸಮಿತಿಗೆ ಬೇರೆ. ಮಾರ್ಚಿನಲ್ಲಿ ಗಡಿಬಿಡಿಯಿಂದ ಖರ್ಚು ಮಾಡಿದ ಬಿಲ್ಲುಗಳೇ ಮುಂದೆ ಆಡಿಟ್ ಆಕ್ಷೇಪಣೆಯಾಗಿ ಕಾಡುತ್ತವೆ. ಸಭೆಯ ನಡಾವಳಿ ಮೊದಲು, ದರಪಟ್ಟಿ ಆಮೇಲೆ, ಖರೀದಿ ಕೊನೆಗೆ. ಈ ಕ್ರಮ ತಪ್ಪಿ ಒಳ್ಳೆಯ ಉದ್ದೇಶಕ್ಕೇ ನೋಟಿಸು ಪಡೆದು, ಮತ್ತೆಂದೂ ಹಣ ಮುಟ್ಟದ ವೈದ್ಯರಿದ್ದಾರೆ. ಅದು ಕೇಂದ್ರಕ್ಕೆ ಬಹಳ ದೊಡ್ಡ ನಷ್ಟ.

ಯಾರಿಗೆ ಯಾವುದು

ಕಡ್ಡಾಯ ಗ್ರಾಮೀಣ ಸೇವೆಯ ಒಂದು ವರ್ಷದಲ್ಲಿರುವ ಹೊಸ ವೈದ್ಯರು ಆ ವರ್ಷವನ್ನು ನೀಟ್ ಓದಿಗೆ ಮಾತ್ರ ಮೀಸಲಿಡದೆ ಮೇಲಿನ ಮೊದಲ ಆರು ತಿಂಗಳ ಕೆಲಸ ಮಾಡಿ, ನಂತರ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಕಡೆ ಹೋಗಲಿ. ಪ್ರಬಂಧದ ವಿಷಯ ಕೈಯಲ್ಲೇ ಇರುತ್ತದೆ. ಖಾಯಂ ಸೇವೆಯಲ್ಲಿದ್ದು ಮಕ್ಕಳು ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಶಾಲೆಗೆ ಹೋಗುತ್ತಿರುವವರಿಗೆ ದೂರಶಿಕ್ಷಣ ಮತ್ತು ಒಂದು ವರ್ಷದ ಯೋಜನೆ, ಎರಡೂ ಒಟ್ಟಿಗೆ. ಆಮೇಲೂ ಹಸಿವಿದ್ದರೆ ಸೇವಾನಿರತ ಪಾಲಿನಲ್ಲಿ ಎರಡು ವರ್ಷದ ಡಿಪ್ಲೊಮಾ. ಗುತ್ತಿಗೆ ವೈದ್ಯರು ಹುದ್ದೆ ಮುಂದುವರಿಯುವ ಖಾತ್ರಿ ಇಲ್ಲದೆ ದುಬಾರಿ ಕೋರ್ಸಿಗೆ ಸಾಲ ಮಾಡಬಾರದು.

ಮಸ್ಕಿ, ಕುಷ್ಟಗಿ, ಕಂಪ್ಲಿಯಂಥ ಊರುಗಳಲ್ಲಿ ಇಪ್ಪತ್ತು ವರ್ಷದಿಂದ ಖಾಸಗಿ ದವಾಖಾನೆ ನಡೆಸುವ ಕುಟುಂಬ ವೈದ್ಯರನ್ನು ಈ ಚರ್ಚೆಯಲ್ಲಿ ಎಲ್ಲರೂ ಮರೆಯುತ್ತಾರೆ. ಮೂರು ತಲೆಮಾರಿನ ಕಾಯಿಲೆ ಅವರಿಗೆ ಬಾಯಲ್ಲಿದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕರಲ್ಲೂ ಮಾತಾಡುತ್ತಾರೆ. ಅವರಿಗೆ ದೂರಶಿಕ್ಷಣದ ಕೋರ್ಸು ಸರಿಯಾದ ಆಯ್ಕೆ. ಅದರ ಜೊತೆ ಕ್ಷಯ ರೋಗಿಗಳನ್ನು ಸರ್ಕಾರಿ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ದಾಖಲಿಸಿ ಸರ್ಕಾರಿ ಕೇಂದ್ರದೊಡನೆ ಕೊಂಡಿ ಹಾಕಿಕೊಂಡರೆ ಊರಿನ ಅರ್ಧ ಆರೋಗ್ಯ ವ್ಯವಸ್ಥೆ ಒಂದೇ ದಾರಿಗೆ ಬರುತ್ತದೆ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಹೋರಾಟ ನಡೆದಿದೆ. ನ್ಯಾಯವಾದ ಬೇಡಿಕೆ. ಆದರೆ ಏಮ್ಸ್ ಬಂದ ದಿನವೂ ದೇವದುರ್ಗದ ತಾಂಡಾದ ಗರ್ಭಿಣಿ ಮೊದಲು ಬರುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ.

ಕೊನೆಯದಾಗಿ, ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ ಐದು ಪ್ರಶ್ನೆಗೆ ಲಿಖಿತ ಉತ್ತರ ತರಿಸಿಕೊಳ್ಳಿ. ಈ ಅರ್ಹತೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸುತ್ತದೆಯೇ? ಓದಿನ ಅವಧಿಯನ್ನು ಇಲಾಖೆ ಸೇವೆ ಎಂದು ಎಣಿಸುತ್ತದೆಯೇ, ಸಂಬಳ ನಡೆಯುತ್ತದೆಯೇ? ಬಾಂಡ್ ಎಷ್ಟು ವರ್ಷ, ಮುರಿದರೆ ಎಷ್ಟು? ಮುಗಿಸಿದ ಮೇಲೆ ಅದೇ ತಾಲ್ಲೂಕಿಗೆ ಮರಳುವ ಅವಕಾಶ ಇದೆಯೇ? ಹೆರಿಗೆ, ನವಜಾತ ಶಿಶು, ವಿಷಪ್ರಾಶನ ಈ ಮೂರರಲ್ಲಿ ನಿಮ್ಮ ಕೈಯಿಂದಲೇ ಎಷ್ಟು ಪ್ರಕರಣ ಮಾಡಿಸುತ್ತಾರೆ? ಐದನೆಯದಕ್ಕೆ ‘ಸಾಕಷ್ಟು’ ಎಂದು ಉತ್ತರ ಬಂದರೆ ಸಂಖ್ಯೆ ಕೇಳಿ. ಸಂಖ್ಯೆ ಹೇಳಲಾಗದ ಕಡೆ ಲಾಗ್‌ಬುಕ್ ಇರುವುದಿಲ್ಲ, ಲಾಗ್‌ಬುಕ್ ಇಲ್ಲದ ಕಡೆ ಹಣ ಕಟ್ಟಬೇಡಿ.